ಕಂಬಳಿ ಹುಡುಕುವವರಿಗೆ ಮಾವನ ಅಂಗಡಿ ಕಾಣಿಸಿದ ಬಗೆ

ಚಿತ್ರದುರ್ಗದ ಲಕ್ಷ್ಮೀ ಬಜಾರಿಗೆ ಹತ್ತಿರದ ಒಂದು ಓಣಿಯಲ್ಲಿ ನನ್ನ ಸೋದರಮಾವ ಕಂಬಳಿ ಅಂಗಡಿ ಇಟ್ಟುಕೊಂಡಿದ್ದಾರೆ. ಚಳ್ಳಕೆರೆ ಸೀಮೆಯ ನೇಕಾರರ ಮನೆಗಳಿಂದ ಬರುವ ಕುರಿ ಉಣ್ಣೆಯ ಕಂಬಳಿಗಳೇ ಅಲ್ಲಿನ ಮುಖ್ಯ ಸರಕು. ಹೊದೆಯಲು, ಹಾಸಲು, ದೇವರ ಗದ್ದುಗೆಗೆ ಎಂದು ಕೊಳ್ಳುವ ಸುತ್ತಲಿನ ಹಳ್ಳಿಗಳವರು ಹಿಂದಿನಿಂದಲೂ ಅಂಗಡಿಯನ್ನು ಕೇಳಿಕೊಂಡು ಬರುತ್ತಾರೆ. ಆದರೆ ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದವರು ಈಗ ಯಾವ ವಸ್ತುವನ್ನಾದರೂ ಮೊದಲು ಮೊಬೈಲಿನಲ್ಲಿ ಹುಡುಕುತ್ತಾರೆ, ಮತ್ತು ಆ ಹುಡುಕಾಟದಲ್ಲಿ ಮಾವನ ಅಂಗಡಿ ಎಲ್ಲಿಯೂ ಕಾಣುತ್ತಿರಲಿಲ್ಲ. ಜಾಲತಾಣವೇನೋ ಇತ್ತು. ಅದನ್ನು ಮಾಡಿಕೊಟ್ಟವರು ಗೂಗಲ್‌ನ ಮೊದಲ ಪುಟದಲ್ಲಿ ಹೆಸರು ಬರಿಸುತ್ತೇವೆಂದು ಮಾತು ಕೊಟ್ಟು, ವರ್ಷ ವರ್ಷವೂ ಹಣ ಪಡೆಯುತ್ತಿದ್ದರು.

ನಾನು ದಾವಣಗೆರೆಯಲ್ಲಿ ಸಣ್ಣ ವ್ಯಾಪಾರಿಗಳ ಜಾಲತಾಣಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಆಷಾಢದ ಒಂದು ಬೆಳಿಗ್ಗೆ ಮಾವ ಕರೆ ಮಾಡಿ, "ಅಳಿಯಾ, ದುಡ್ಡು ಕೊಟ್ಟು ಮಾಡ್ಸಿದ್ದು, ಒಬ್ರೂ ನೋಡಲ್ಲ ಅಂದ್ರೆ ಯಾಕೆ ಇಟ್ಕಬೇಕು? ಬಂದು ತೆಗೆಸಿ ಹಾಕು" ಎಂದರು. ತೆಗೆಯುವ ಮೊದಲು ಒಂದು ದಿನ ಕೂತು ನೋಡೋಣವೆಂದು ಹೇಳಿ ಹೊರಟೆ. ಆಷಾಢದಲ್ಲಿ ಮದುವೆ ಮುಂಜಿಗಳಿಲ್ಲದ ಕಾರಣ ಪೇಟೆಯಲ್ಲಿ ವ್ಯಾಪಾರ ಕಡಿಮೆ, ಮಾವನಿಗೂ ಬಿಡುವಿತ್ತು.

ಮೊದಲು ತೆರೆದದ್ದು ಸರ್ಚ್ ಕನ್ಸೋಲ್. ಗೂಗಲ್ ಇದನ್ನು ಜಾಲತಾಣದ ಒಡೆಯರಿಗೆ ಉಚಿತವಾಗಿ ಕೊಡುತ್ತದೆ. ಜನ ಏನೆಂದು ಬರೆದು ಹುಡುಕಿದಾಗ ನಮ್ಮ ಪುಟ ಕಾಣಿಸಿತು, ಸರಾಸರಿ ಎಷ್ಟನೆಯ ಸ್ಥಾನದಲ್ಲಿತ್ತು, ಎಷ್ಟು ಮಂದಿ ಅದನ್ನು ಒತ್ತಿ ಒಳಗೆ ಬಂದರು ಎಂಬ ಲೆಕ್ಕ ಅದರಲ್ಲಿ 16 ತಿಂಗಳವರೆಗೆ ಹಿಂದಕ್ಕೆ ಸಿಗುತ್ತದೆ. ಮಾವನ ತಾಣಕ್ಕೆ ಇದನ್ನು ಯಾರೋ ಜೋಡಿಸಿದ್ದರು, ಆದರೆ ತೆರೆದು ನೋಡಿದ ಹಾಗೆ ಕಾಣಲಿಲ್ಲ. ಅಲ್ಲಿದ್ದ ಪಟ್ಟಿಯಲ್ಲಿ ಬಹುಪಾಲು ಅಂಗಡಿಯ ಹೆಸರೇ ಇತ್ತು. ಅಂದರೆ ಹೆಸರು ಮೊದಲೇ ಗೊತ್ತಿದ್ದವರು ಫೋನ್ ನಂಬರಿಗಾಗಿ ಹುಡುಕಿದ್ದರು. ಕಂಬಳಿ ಬೇಕೆಂದು ಹುಡುಕಿದ ಅಪರಿಚಿತರ ಕಣ್ಣಿಗೆ ಈ ತಾಣ ಬಿದ್ದೇ ಇರಲಿಲ್ಲ.

ಮುಖಪುಟವನ್ನು ನನ್ನ ಮೊಬೈಲಿನಲ್ಲಿ ತೆರೆದೆ. ಬಹಳ ಹೊತ್ತು ಬಿಳಿಯ ಪರದೆಯೇ ಇದ್ದು, ಆಮೇಲೆ ಏಳು ಸುತ್ತಿನ ಕೋಟೆಯ ದೊಡ್ಡ ಚಿತ್ರಗಳು ಒಂದರ ಹಿಂದೆ ಒಂದು ಸರಿಯತೊಡಗಿದವು. ಕೋಟೆ ನಮ್ಮೆಲ್ಲರ ಹೆಮ್ಮೆ. ಆದರೆ ಕಂಬಳಿ ಹುಡುಕಿ ಬಂದವನಿಗೆ ಮೊದಲು ಕಾಣಬೇಕಾದದ್ದು ಕಂಬಳಿ. ಕ್ಯಾಮೆರಾದಿಂದ ಇಳಿಸಿದ ಚಿತ್ರಗಳನ್ನು ಕುಗ್ಗಿಸದೆ ಹಾಗೆಯೇ ಏರಿಸಿದ್ದರಿಂದ ಪುಟ ಅಷ್ಟು ಭಾರವಾಗಿತ್ತು. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಿಸಬೇಕೆಂಬುದು ಗೂಗಲ್ ಇಟ್ಟಿರುವ ಅಳತೆ. ಗೂಗಲ್ ಈಗ ತಾಣಗಳನ್ನು ಓದಿಕೊಳ್ಳುವುದೂ ಮೊಬೈಲಿನಲ್ಲಿ ಕಾಣುವ ರೂಪವನ್ನೇ ಆಧಾರವಾಗಿಟ್ಟುಕೊಂಡು. 2016ರಲ್ಲಿ ಘೋಷಿಸಿದ ಈ ಬದಲಾವಣೆ ಪೂರ್ಣಗೊಂಡಿತೆಂದು 2023ರಲ್ಲಿ ಅದೇ ತಿಳಿಸಿದೆ. ಚಿತ್ರಗಳನ್ನು ವೆಬ್‌ಪಿ ಎಂಬ ಹಗುರ ರೂಪಕ್ಕೆ ಬದಲಿಸಿ, ಸರಿದಾಡುವ ಸಾಲನ್ನು ತೆಗೆದು, ಮೊದಲಿಗೆ ಒಂದೇ ಒಂದು ಕರಿ ಕಂಬಳಿಯ ಚಿತ್ರವನ್ನು ಇಟ್ಟ ಮೇಲೆ ಪುಟ ಚುರುಕಾಗಿ ತೆರೆದುಕೊಂಡಿತು. ಇದಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಕನ್ನಡದ ಬರಹ. ಮುಖಪುಟದಲ್ಲಿ ಅಂಗಡಿಯ ಪರಿಚಯ ಸೊಗಸಾದ ಕನ್ನಡದಲ್ಲಿತ್ತು. ಆದರೆ ಅದರ ಮೇಲೆ ಬೆರಳಿಟ್ಟು ಹಿಡಿದರೆ ಒಂದು ಅಕ್ಷರವೂ ಆಯ್ಕೆಯಾಗುತ್ತಿರಲಿಲ್ಲ. ಅದು ಅಕ್ಷರವಾಗಿರದೆ ಚಿತ್ರವಾಗಿತ್ತು. ವಿಚಾರಿಸಿದಾಗ ತಿಳಿದದ್ದೇನೆಂದರೆ, ಹಿಂದೆ ಅಂಗಡಿಯ ಕರಪತ್ರಕ್ಕಾಗಿ ಡಿಟಿಪಿ ಅಂಗಡಿಯಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದ ಬರಹವೇ ಇದು. ಆ ಫಾಂಟುಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡವಾದರೂ ಕಂಪ್ಯೂಟರಿನ ಒಳಗೆ ದಾಖಲಾಗುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಫಾಂಟ್ ಇಲ್ಲದ ಕಡೆ ಅದನ್ನು ಅಂಟಿಸಿದರೆ ಅರ್ಥವಿಲ್ಲದ ಗುರುತುಗಳ ಸಾಲು ಬರುತ್ತದೆ. ತಾಣ ಮಾಡಿದವರು ಆ ತೊಂದರೆಯನ್ನು ಬಿಡಿಸುವ ಬದಲು ಕರಪತ್ರದ ಫೋಟೊವನ್ನೇ ಏರಿಸಿಬಿಟ್ಟಿದ್ದರು. ಮುಖ್ಯವಾದ ಬರಹವನ್ನು ಚಿತ್ರದೊಳಗೆ ಇಡಬೇಡಿ ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳುತ್ತದೆ. ಪ್ರತಿ ಲಿಪಿಯ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳಲ್ಲಿ ಒಂದೇ ಆದ ಸಂಕೇತ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನವಿತ್ತು. ಹಾಗಿದ್ದೂ ನಮ್ಮ ಜಿಲ್ಲೆಗಳ ಎಷ್ಟೋ ಅಂಗಡಿ, ಸೊಸೈಟಿ, ಮಠಗಳ ಬರಹಗಳು ಇಂದಿಗೂ ಹಳೆಯ ಫಾಂಟುಗಳ ಕಡತಗಳಲ್ಲಿ, ಫೋಟೊಗಳಲ್ಲಿ ಸಿಕ್ಕಿಕೊಂಡಿವೆ. ಹುಡುಕಿದರೆ ಕನ್ನಡದಲ್ಲಿ ಏನೂ ಸಿಗುವುದಿಲ್ಲವೆಂದು ದೂರುವ ಮುನ್ನ ನಾವು ಈ ಕಡತಗಳ ಕಡೆ ನೋಡಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಪುಣ್ಯಕ್ಕೆ ಡಿಟಿಪಿ ಅಂಗಡಿಯವರಲ್ಲಿ ಮೂಲ ಕಡತ ಉಳಿದಿತ್ತು. ಪರಿವರ್ತಕದ ಮೂಲಕ ಅದನ್ನು ಯೂನಿಕೋಡಿಗೆ ತಂದೆ. ಅರ್ಕಾವತ್ತುಗಳು ಸ್ಥಳ ತಪ್ಪಿದ್ದವು, ಕೆಲವು ಒತ್ತಕ್ಷರಗಳು ಬಿಟ್ಟುಹೋಗಿದ್ದವು. ಅವನ್ನು ಮಾವನೇ ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಕೂತು ಒಂದೊಂದಾಗಿ ಹಿಡಿದುಕೊಟ್ಟರು.

ಪುಟದ ಅಡಿಯಲ್ಲಿ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಕರ್ನಾಟಕದ ಊರುಗಳ ಹೆಸರನ್ನೆಲ್ಲ ಕಂಬಳಿ ಎಂಬ ಪದದ ಜೊತೆ ಸೇರಿಸಿ ತುಂಬಿದ್ದರು. ಓದುಗರಿಗೆ ಕಾಣದಂತೆ, ಯಂತ್ರಕ್ಕೆ ಮಾತ್ರ ಕಾಣುವಂತೆ ಬರೆಯುವುದನ್ನು ಗೂಗಲ್ ವಂಚನೆಯ ಸಾಲಿಗೆ ಸೇರಿಸಿದೆ. ಹುಡುಕುಪದಗಳನ್ನು ಪುಟದ ಹಿಂದೆ ಕಾಣದಂತೆ ಬರೆದಿಡುವ ಕೀವರ್ಡ್ ಟ್ಯಾಗಿನಲ್ಲಿಯೂ ಉದ್ದದ ಪಟ್ಟಿಯಿತ್ತು. ಸ್ಥಾನ ನಿರ್ಧರಿಸಲು ಆ ಟ್ಯಾಗನ್ನು ತಾನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಹೇಳಿದೆ. ಎರಡನ್ನೂ ಅಳಿಸಿದೆ. ಮೊದಲನೆಯ ಸ್ಥಾನ ಕೊಡಿಸುತ್ತೇವೆಂದು ಯಾರೂ ಖಾತರಿ ಕೊಡಲಾರರು ಎಂದು ಗೂಗಲ್ ಬರೆದಿರುವುದನ್ನು ಮಾವನಿಗೆ ಓದಿ ಹೇಳಿದಾಗ, ಅವರು ಇಷ್ಟು ವರ್ಷ ಕಟ್ಟಿದ ಹಣದ ರಸೀದಿಗಳನ್ನು ತೆಗೆದು ನೋಡಿ ಸುಮ್ಮನೆ ಒಳಗಿಟ್ಟರು.

ಇಷ್ಟೆಲ್ಲ ಆದಮೇಲೂ ತಾಣದಲ್ಲಿ ಓದುವಂಥದ್ದು ಏನಿದೆ ಎಂಬ ಪ್ರಶ್ನೆ ಉಳಿಯಿತು. "ಉತ್ತಮ ಗುಣಮಟ್ಟ, ನ್ಯಾಯವಾದ ಬೆಲೆ, ಗ್ರಾಹಕರ ತೃಪ್ತಿಯೇ ನಮ್ಮ ಗುರಿ" ಎಂಬ ಸಾಲುಗಳನ್ನು ಕಂಬಳಿ ಅಂಗಡಿಗೂ ಬರೆಯಬಹುದು, ಕಬ್ಬಿಣದ ಅಂಗಡಿಗೂ ಬರೆಯಬಹುದು. ಅದಕ್ಕೆ ಉತ್ತರ ಸಿಕ್ಕಿದ್ದು ಮಾವನ ಫೋನಿನಲ್ಲಿ. ಮಧ್ಯಾಹ್ನ ಬೆಂಗಳೂರಿನಿಂದ ಒಬ್ಬ ಹೆಣ್ಣುಮಗಳು ಕರೆ ಮಾಡಿ, ಮಗುವಿಗೆ ಹೊದಿಸಿದರೆ ಕಂಬಳಿ ಚುಚ್ಚುತ್ತದೆಯೇ ಎಂದು ಕೇಳಿದರು. "ಚುಚ್ತೈತೆ ಕಣಮ್ಮ, ಸುಳ್ಳು ಹೇಳಲ್ಲ. ನಮ್ಮ ಕಡೆ ಕುರಿ ಉಣ್ಣೆ ಒರಟು. ಒಳಗೊಂದು ಹತ್ತಿ ದುಪ್ಪಟಿ ಹೊದಿಸಿ, ಮ್ಯಾಲೆ ಇದನ್ನ ಹಾಕ್ರಿ" ಎಂದು ಮಾವ ಹೇಳಿದರು. ಆ ತಾಯಿ ಅಳತೆ ಕೇಳಿದರು, ತೂಕ ಕೇಳಿದರು, ಹೊಸದರಲ್ಲಿ ಏಕೆ ಅಷ್ಟು ಬಿರುಸಾಗಿರುತ್ತದೆಂದು ಕೇಳಿದರು. ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ, ಹಾಗಾಗಿ ಮೊದಮೊದಲು ಸೆಟೆದುಕೊಂಡಿರುತ್ತದೆ, ಬಳಸುತ್ತ ಮೆತ್ತಗಾಗುತ್ತದೆ ಎಂದು ಮಾವ ವಿವರಿಸಿದರು. ಕರೆ ಮುಗಿಯುವಷ್ಟರಲ್ಲಿ ನಾನು ಅವರ ಮಾತುಗಳನ್ನು ಒಂದು ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಂಡಿದ್ದೆ.

"ಇಂಥವೇ ಬೇರೆ ಏನೇನು ಕೇಳುತ್ತಾರೆ ಮಾವ?" ಎಂದು ಕೇಳಿದೆ. ಅವರು ನಿಲ್ಲಿಸದೆ ಹೇಳುತ್ತ ಹೋದರು. ಹೇಗೆ ತೊಳೆಯಬೇಕು? ಬಿಸಿನೀರು ಕೂಡದು, ಉಣ್ಣೆ ಮುದ್ದೆಗಟ್ಟಿ ಕುಗ್ಗುತ್ತದೆ; ತಣ್ಣೀರಿನಲ್ಲಿ ಅದ್ದಿ, ಹಿಂಡದೆ ನೀರು ಇಳಿಯಲು ಬಿಟ್ಟು, ಹರವಿ ಒಣಗಿಸಬೇಕು. ನುಸಿ ಹಿಡಿಯದಂತೆ ಏನು ಮಾಡಬೇಕು? ಕೊಳೆ ಉಳಿಯದಂತೆ ನೋಡಿಕೊಂಡು, ಆಗಾಗ ಬಿಸಿಲಿಗೆ ಹಾಕಿ ಕೊಡವಿ, ಒಣಗಿದ ಬೇವಿನ ಸೊಪ್ಪು ಸೇರಿಸಿ ಮಡಿಸಿಡಬೇಕು. ನಿಜವಾದ ಉಣ್ಣೆಯೋ ಅಲ್ಲವೋ ತಿಳಿಯುವುದು ಹೇಗೆ? ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದೊಡನೆ ಆರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಇಷ್ಟನ್ನೂ ಅವರು ಪ್ರತಿದಿನ ಫೋನಿನಲ್ಲಿ ಒಬ್ಬೊಬ್ಬರಿಗೆ ಹೇಳುತ್ತಿದ್ದರು, ತಾಣದಲ್ಲಿ ಇದರ ಒಂದು ಸಾಲೂ ಇರಲಿಲ್ಲ. ಜನ ಮಾವನಿಗೆ ಕೇಳುತ್ತಿದ್ದ ಈ ಪ್ರಶ್ನೆಗಳನ್ನೇ ಮಾವನನ್ನು ಅರಿಯದವರು ಗೂಗಲ್‌ಗೆ ಕೇಳುತ್ತಿರುತ್ತಾರೆ. ನಾನು ಆ ದಿನ ಮಾಡಿದ ಕೆಲಸಗಳಲ್ಲಿ ಬೆಲೆಯುಳ್ಳದ್ದು ಇದೊಂದೇ ಎಂದು ಈಗಲೂ ನಂಬುತ್ತೇನೆ: ತಿಳಿದವರ ಬಾಯಲ್ಲಿದ್ದುದನ್ನು ಅವರ ಮಾತಿನ ಕ್ರಮದಲ್ಲಿಯೇ, ಹುಡುಕುವವರಿಗೆ ಸಿಗುವ ಕಡೆ ಬರೆದಿಟ್ಟದ್ದು.

ಒಂದೊಂದು ಪ್ರಶ್ನೆಗೆ ಒಂದೊಂದು ಪುಟ ಮಾಡಿದೆ. ಪ್ರಶ್ನೆಯೇ ಪುಟದ ಶೀರ್ಷಿಕೆ, ಉತ್ತರ ಮೊದಲ ಸಾಲಿನಲ್ಲಿ, ವಿವರ ಆಮೇಲೆ. ಕನ್ನಡಿಗರಲ್ಲಿ ಅನೇಕರು ಕಂಬಳಿ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕುತ್ತಾರಾದ್ದರಿಂದ ಅದೇ ವಿಷಯವನ್ನು ಸರಳ ಇಂಗ್ಲಿಷಿನಲ್ಲಿಯೂ ಬೇರೆ ಪುಟಗಳಾಗಿ ಬರೆದೆ. ಪ್ರತಿಯೊಂದು ಚಿತ್ರಕ್ಕೂ ಅದು ಯಾವ ಕಂಬಳಿ, ಯಾವ ಬಣ್ಣ, ಎಷ್ಟು ಅಳತೆ ಎಂಬ ವಿವರಣೆ ಜೋಡಿಸಿದೆ. ಫೋನ್ ನಂಬರನ್ನು ಒತ್ತಿದರೆ ಕರೆ ಹೋಗುವಂತೆ ಮಾಡಿದೆ. ಚುಚ್ಚುತ್ತದೆ ಎಂಬ ಪುಟ ಹಾಕಿದರೆ ಗಿರಾಕಿ ಓಡಿಹೋಗುವುದಿಲ್ಲವೇ ಎಂದು ಅಂಗಡಿಯ ಹುಡುಗ ಅನುಮಾನಪಟ್ಟ. ಮಾವ ಒಪ್ಪಲಿಲ್ಲ. ಹೇಳದೆ ಮಾರಿದರೆ ಅದು ವಾಪಸ್ ಬರುತ್ತದೆ, ಹೇಳಿ ಮಾರಿದ್ದು ಮನೆಯಲ್ಲಿ ಉಳಿಯುತ್ತದೆ ಎಂಬುದು ಅವರ ಅನುಭವ.

ಸಂಜೆಯ ಹೊತ್ತಿಗೆ ಹುಡುಕಾಟದಲ್ಲಿ, ನಕ್ಷೆಯಲ್ಲಿ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲನ್ನೂ ಸರಿಪಡಿಸಿದೆವು. ನಕ್ಷೆಯಲ್ಲಿ ಅಂಗಡಿಯ ಗುರುತು ಬೇರೊಂದು ರಸ್ತೆಯಲ್ಲಿತ್ತು. ಊರಿನೊಳಗಿನ ಹುಡುಕಾಟದಲ್ಲಿ ಹುಡುಕಿದ್ದಕ್ಕೂ ಅಂಗಡಿಗೂ ಇರುವ ಹೊಂದಿಕೆ, ದೂರ, ಅಂಗಡಿ ಎಷ್ಟು ಹೆಸರುವಾಸಿ ಎಂಬ ಮೂರನ್ನು ಗೂಗಲ್ ಪರಿಗಣಿಸುತ್ತದೆ. ದೂರವನ್ನು ನಾವು ಬದಲಿಸಲಾರೆವು. ಗುರುತು ತಪ್ಪಿರದಂತೆ ನೋಡಿಕೊಳ್ಳಬಹುದಷ್ಟೆ. ನೆಂಟರಿಂದ ಒಳ್ಳೆಯ ಅಭಿಪ್ರಾಯ ಬರೆಸೋಣವೆಂಬ ಸಲಹೆ ಮನೆಯವರಿಂದ ಬಂತು. ಅದು ನಿಯಮಕ್ಕೆ ವಿರುದ್ಧ, ರಿಯಾಯಿತಿ ಕೊಟ್ಟು ಬರೆಸುವುದೂ ವಿರುದ್ಧ ಎಂದು ಹೇಳಿ, ಕೊಂಡವರನ್ನು ನೇರವಾಗಿ ಕೇಳುವುದೊಂದೇ ದಾರಿಯೆಂದೆ.

ಫಲ ಕೂಡಲೇ ಕಾಣಲಿಲ್ಲ. ಇಂಥ ಕೆಲಸಕ್ಕೆ ಸಾಮಾನ್ಯವಾಗಿ ನಾಲ್ಕು ತಿಂಗಳಿನಿಂದ ಒಂದು ವರ್ಷ ಬೇಕಾಗುತ್ತದೆಂದು ಗೂಗಲ್ಲೇ ಹೇಳಿರುವುದನ್ನು ಮೊದಲೇ ತಿಳಿಸಿದ್ದರಿಂದ ಮಾವ ಬೇಸರಿಸಿಕೊಳ್ಳಲಿಲ್ಲ. ದಸರೆ ಕಳೆದು ಚಳಿ ಬಿದ್ದಾಗ ಸರ್ಚ್ ಕನ್ಸೋಲಿನ ಪಟ್ಟಿ ಬದಲಾಗಿತ್ತು. ಕಂಬಳಿ ತೊಳೆಯುವುದು ಹೇಗೆ, ಕರಿ ಕಂಬಳಿ ಎಲ್ಲಿ ಸಿಗುತ್ತದೆ, ಗದ್ದುಗೆಗೆ ಯಾವ ಅಳತೆ ಎಂಬ ಪ್ರಶ್ನೆಗಳು ಅಂಗಡಿಯ ಹೆಸರಿಗಿಂತ ಮೇಲೆ ಬಂದಿದ್ದವು. ಕೈಮಗ್ಗದ ವಿಷಯ ಬರೆಯುವವರೊಬ್ಬರು ತಮ್ಮ ಲೇಖನದಲ್ಲಿ ಹುಣಸೆ ಗಂಜಿಯ ಪುಟಕ್ಕೆ ಕೊಂಡಿ (ಲಿಂಕ್) ಕೊಟ್ಟಿದ್ದರು. ಒಂದು ಪುಟಕ್ಕೆ ಬೇರೆಯವರು ಕೊಡುವ ಕೊಂಡಿಗಳಿಂದ ಅದರ ಮಹತ್ವವನ್ನು ಅಳೆಯುವ ವಿಚಾರದ ಮೇಲೆಯೇ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ಗೂಗಲ್ ಆರಂಭಿಸಿದ್ದು. ಇಂದು ಅಂಥ ಕೊಂಡಿಗಳನ್ನು ಹಣಕ್ಕೆ ಮಾರುವವರು ಬೇಕಾದಷ್ಟಿದ್ದಾರೆ. ನಮಗೆ ಸಿಕ್ಕಿದ ಒಂದು ಕೊಂಡಿ ಕೇಳದೆ ಬಂದದ್ದು ಎಂಬುದು ನನಗೆ ಬಹಳ ಸಂತೋಷ ತಂದಿತು.

ಉಣ್ಣೆಯ ಹೊದಿಕೆ ಎಂದಷ್ಟೇ ಹುಡುಕಿದರೆ ಇಂದಿಗೂ ದೊಡ್ಡ ಮಾರಾಟ ತಾಣಗಳೇ ಮುಂದೆ ಬರುತ್ತವೆ. ಆ ಪೈಪೋಟಿಗೆ ನಾವು ಇಳಿದಿಲ್ಲ. ತೊಳೆಯುವ ಪುಟಕ್ಕೆ ಬರುವವರಲ್ಲಿ ಹೆಚ್ಚಿನವರು ಬೇರೆ ಕಡೆ ಕಂಬಳಿ ಕೊಂಡವರೆಂದು ತಿಳಿದಾಗ ಮಾವ, "ಅವ್ರಿಗೆ ನಾವ್ಯಾಕೆ ಹೇಳ್ಕೊಡಬೇಕು?" ಎಂದು ಒಮ್ಮೆ ಕೇಳಿದ್ದುಂಟು, ಆಮೇಲೆ ಅವರಲ್ಲೇ ಕೆಲವರು ಕರೆ ಮಾಡಿ ಎರಡನೆಯ ಕಂಬಳಿಗೆ ಬೆಲೆ ವಿಚಾರಿಸತೊಡಗಿದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ. ಈಗ ಗಿರಾಕಿ ಹೊಸದೇನಾದರೂ ಕೇಳಿದರೆ ಅವರೇ ಅದನ್ನು ವಾಟ್ಸ್ಆ್ಯಪ್‌ನಲ್ಲಿ ಮಾತಾಡಿ ಕಳಿಸುತ್ತಾರೆ, ನಾನು ದಾವಣಗೆರೆಯಲ್ಲಿ ಕೂತು ಬರೆದು ಅವರಿಗೆ ಓದಿ ಹೇಳಿ ಏರಿಸುತ್ತೇನೆ. ಮಳೆಗೆ ಕಂಬಳಿಯನ್ನು ಕೊಪ್ಪೆ ಹಾಕಿಕೊಳ್ಳುವ ಬಗೆಯನ್ನು ತೋರಿಸುವ ಪುಟ ಬಾಕಿಯಿದೆ. ಬರೀ ಮಾತಿನಲ್ಲಿ ಹೇಳಿದರೆ ಮಡಿಕೆ ತಿಳಿಯುವುದಿಲ್ಲವಾದ್ದರಿಂದ ಹಿರಿಯೂರು ಕಡೆಯ ಒಬ್ಬ ಕುರಿಗಾಹಿಯನ್ನು ಮಾವ ಒಪ್ಪಿಸಿದ್ದಾರೆ. ಮುಂಗಾರು ಶುರುವಾಗುವ ಮೊದಲು ಅವರ ಹಟ್ಟಿಗೆ ಹೋಗಿ ಹಂತ ಹಂತವಾಗಿ ಫೋಟೊ ತೆಗೆದುಕೊಂಡು ಬರಬೇಕಾಗಿದೆ.