ಡಾಕ್ಟರ್ ಮಾಡುವ ಕೆಲಸವನ್ನು ಅಜ್ಜಿ ಮಾಡೋಕಾಗುತ್ತಾ?

ಮನಸ್ಸು ಕುಗ್ಗಿದವರ ಜೊತೆ ತರಬೇತಿ ಪಡೆದ ಅಜ್ಜಿಯರು ಬೆಂಚಿನ ಮೇಲೆ ಕೂತು ಮಾತಾಡುವ, ಜಿಂಬಾಬ್ವೆಯ ‘ಫ್ರೆಂಡ್‌ಶಿಪ್ ಬೆಂಚ್’ ಬಗ್ಗೆ ಹೇಳಿದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಖಂಡಿತ ಆಗುತ್ತದೆ. ಆದರೆ ಅಜ್ಜಿಯ ಅಕ್ಕರೆ ಒಂದೇ ಸಾಲದು, ಜೊತೆಗೆ ಕಟ್ಟುನಿಟ್ಟಾದ ಕ್ರಮವೂ ಬೇಕು.

2006ರಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ರಾಜಧಾನಿ ಹರಾರೆಯ ಎಂಬಾರೆ ಬಡಾವಣೆಯಲ್ಲಿ ಇದನ್ನು ಶುರು ಮಾಡಿದಾಗ ಸಿಕ್ಕಿದ್ದು 14 ಅಜ್ಜಿಯರು, ಕ್ಲಿನಿಕ್ಕಿನ ಅಂಗಳ. ಕೋಣೆ ಇರಲಿಲ್ಲ, ಬೆಂಚು ಹಾಕಿದರು. ಮೊದಲು ‘ಮಾನಸಿಕ ಆರೋಗ್ಯದ ಬೆಂಚು’ ಅಂದಾಗ ಜನ ಹತ್ತಿರ ಸುಳಿಯಲಿಲ್ಲ. ಹೆಸರು ಬದಲಿಸಿ ಎಂದವರು ಅಜ್ಜಿಯರೇ. ಡಿಪ್ರೆಶನ್ ಎಂಬ ಮಾತೂ ಅಲ್ಲಿಲ್ಲ. ಶೋನಾ ಭಾಷೆಯಲ್ಲಿ ‘ಕುಫುಂಗಿಸಿಸ’ ಅನ್ನುತ್ತಾರೆ. ನಾವು ‘ಯೋಚನೆ ಹಚ್ಕೊಂಡಿದಾರೆ’ ಅನ್ನುತ್ತೀವಲ್ಲ, ಹಾಗೆ.

ಬಂದವರಿಗೆ ಮೊದಲು ಹೌದು–ಇಲ್ಲ ಎಂದು ಉತ್ತರಿಸುವ 14 ಪ್ರಶ್ನೆ: ಹೋದ ವಾರ ನಿದ್ದೆ ಕೆಟ್ಟಿತ್ತಾ, ಅಳು ಬಂತಾ, ಕೆಲಸ ಹಿಂದೆ ಬಿತ್ತಾ? ಸಾಯಬೇಕು ಅನ್ನಿಸಿತಾ ಎಂಬುದಕ್ಕೆ ಹೌದು ಎಂದರೆ ಅಜ್ಜಿ ಒಬ್ಬಳೇ ನಿಭಾಯಿಸುವುದಿಲ್ಲ, ಮೇಲ್ವಿಚಾರಕರಿಗೆ ತಿಳಿಸುತ್ತಾಳೆ.

ಆಮೇಲೆ ಕಷ್ಟಗಳನ್ನೆಲ್ಲ ಹೇಳಿಸಿ, ಒಂದನ್ನು ಮಾತ್ರ ಆರಿಸಲು ಬಿಡುತ್ತಾಳೆ. ಗಂಡನ ಕುಡಿತ, ಮಗುವಿನ ಫೀಸು, ಮನೆ ಬಾಡಿಗೆ ಮೂರೂ ಇವೆ ಎನ್ನಿ. ಬಾಡಿಗೆ ಆರಿಸಿದರೆ ‘ಸಾಲ ತೀರಿಸುತ್ತೇನೆ’ ಎಂಬ ಗುರಿ ನಡೆಯದು. ‘ಶುಕ್ರವಾರ ಬೆಳಿಗ್ಗೆ ಮನೆ ಮಾಲೀಕರ ಹತ್ತಿರ ಹದಿನೈದು ದಿನ ಗಡುವು ಕೇಳುತ್ತೇನೆ’ ಎಂಬಷ್ಟು ಸಣ್ಣದಾಗಬೇಕು. ಮುಂದಿನ ಸಲ ಬಂದಾಗ ಮೊದಲ ಮಾತೇ ಅದು: ಕೇಳಿದೆಯಾ, ಏನಂದರು, ಎಲ್ಲಿ ತಡೆಯಿತು? ಹೀಗೆ ಆರು ಭೇಟಿಗಳವರೆಗೆ.

ಕೆಡುವುದು ಎಲ್ಲಿ ಗೊತ್ತೇ? ಬುದ್ಧಿಮಾತಿನಲ್ಲಿ. ಹಿರಿಯರಿಗೆ ‘ಹೀಗೆ ಮಾಡವ್ವ’ ಅನ್ನದೆ ಇರುವುದು ಬಹಳ ಕಷ್ಟ. ಆದರೆ ದಾರಿ ಅಜ್ಜಿ ಹೇಳಿದ್ದಾದರೆ, ಅದು ಫಲಿಸದಾಗ ಆ ಹೆಂಗಸು ಮುಖ ತೋರಿಸಲು ಸಂಕೋಚಪಟ್ಟು ಬರುವುದನ್ನೇ ಬಿಡಬಹುದು. ತರಬೇತಿಯಲ್ಲಿ ಹೆಚ್ಚು ತಿದ್ದಬೇಕಾದದ್ದು ಇದನ್ನೇ.

ಹರಾರೆಯ 24 ಕ್ಲಿನಿಕ್ಕುಗಳ 573 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಖಿನ್ನತೆಯ ಲಕ್ಷಣ ಉಳಿದದ್ದು ಬೆಂಚಿಗೆ ಬಂದವರಲ್ಲಿ ಶೇ. 13.7, ಮಾಮೂಲಿ ಆರೈಕೆ ಪಡೆದವರಲ್ಲಿ ಶೇ. 49.9. ಭೇಟಿಗಳು ಮುಗಿದ ಮೇಲೂ ನಂಟು ಕಡಿಯುವುದಿಲ್ಲ. ಗುಂಪಾಗಿ ಕೂತು, ಹಳೆಯ ಪ್ಲಾಸ್ಟಿಕ್ಕಿನಿಂದ ಚೀಲ ಹೆಣೆಯುತ್ತಾ ಮಾತಾಡುತ್ತಾರೆ.

ನಮ್ಮೂರಲ್ಲೂ ಮಾಡೋಣ ಎನ್ನುವವರು ಬೆಂಚಿಗೆ ಮರ ಕೊಯ್ಯಿಸುವ ಮುಂಚೆ ಮೇಲ್ವಿಚಾರಣೆಗೆ ಯಾರು, ಅಪಾಯ ಕಂಡರೆ ಯಾವ ಆಸ್ಪತ್ರೆಗೆ ಎಂಬುದನ್ನು ಗೊತ್ತು ಮಾಡಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು ಪ್ರತಿ ಅಜ್ಜಿಯ ಫೋನಿನಲ್ಲೂ ಇರಲಿ.