ಕರಿಹಲಗೆಯ ಮೇಲೆ ಪ್ರಸನ್ನನ ಬಾಲು

ನಮ್ಮ ಬ್ಯಾಚಿನ 'ಗೂಗ್ಲಿ' ಹೋಗಿಬಿಟ್ಟ. ಹಾಜರಿ ಪುಸ್ತಕದಲ್ಲಿ ಅವನಿಗೆ ಬೇರೆ ಹೆಸರಿತ್ತು, ಹಾಗೆ ಕರೆಯುತ್ತಿದ್ದವರು ಮೇಷ್ಟ್ರುಗಳು ಮಾತ್ರ. ಪಾಠದ ಹೊತ್ತಿನಲ್ಲೂ ಡೆಸ್ಕಿನ ಕೆಳಗೆ ಬಾಲು ತಿರುಗಿಸುತ್ತಿದ್ದ. ಉಂಗುರದ ಬೆರಳು ಜಡ್ಡುಗಟ್ಟಿತ್ತು.

1974ರ ರಣಜಿ ಸೆಮಿಫೈನಲ್, ನಮ್ಮ ಕರ್ನಾಟಕಕ್ಕೆ ಬಾಂಬೆ ಎದುರಾಳಿ. ಬಾಂಬೆ ಸತತ 15 ವರ್ಷ ಟ್ರೋಫಿ ಬಿಟ್ಟುಕೊಟ್ಟಿರಲಿಲ್ಲ. ಕ್ಲಾಸಿಗೆ ಚಕ್ಕರ್ ಹೊಡೆದು ನಾವು ಮೂವರು ಮೈಸೂರಿನಿಂದ ಬೆಂಗಳೂರು ರೈಲು ಹತ್ತಿದೆವು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ ಶತಕ. ಆಮೇಲೆ ನಮ್ಮ ಸ್ಪಿನ್ನರ್ ಪ್ರಸನ್ನ ಬಾಂಬೆಯ ಗವಾಸ್ಕರ್‌ನನ್ನು ಬೌಲ್ಡ್ ಮಾಡಿದಾಗ ಗೂಗ್ಲಿ ನನ್ನ ಹೊಸ ಶರ್ಟು ಹರಿದುಹಾಕಿದ!

ವಾಪಸ್ ಬಂದಾಗ ಇಂಜಿನಿಯರಿಂಗ್ ಡ್ರಾಯಿಂಗ್ ಮೇಷ್ಟ್ರು ಬಾಗಿಲಲ್ಲೇ ಹಿಡಿದರು. "ಏನ್ರಪ್ಪಾ, ಮೂವರಿಗೂ ಒಟ್ಟಿಗೇ ಜ್ವರಾನಾ?" ಬಿಸಿಲಿಗೆ ಕಪ್ಪಾದ ಮುಖ ಹೊತ್ತು "ಹೌದು ಸಾರ್" ಅಂದೆವು. "ಸರಿ, ಗವಾಸ್ಕರ್ ಹೇಗೆ ಔಟಾದ, ಬಂದು ಬರಿ." ಗೂಗ್ಲಿ ಸೀಮೆಸುಣ್ಣ ತೆಗೆದುಕೊಂಡು ಬಾಲಿನ ದಾರಿಯ ಪ್ಲಾನ್, ಅಂದರೆ ಮೇಲಿನಿಂದ ಕಾಣುವ ನೋಟ ಬರೆದ, ಅದರ ಮೇಲೆ ಎಲಿವೇಷನ್, ಅಂದರೆ ಎದುರಿನಿಂದ ಕಾಣುವ ನೋಟ ಬರೆದ. ಮೇಷ್ಟ್ರು ತುಂಬಾ ಹೊತ್ತು ನೋಡಿ, "ಎರಡನ್ನೂ ಜೋಡಿಸೋ ಪ್ರೊಜೆಕ್ಷನ್ ಲೈನ್ ಎಲ್ಲಯ್ಯಾ?" ಅಂದರು. ಅಷ್ಟೇ ಶಿಕ್ಷೆ. ಆ ವರ್ಷ ಇನ್ನೇನು ಕಲಿತೆವೋ, ಒಂದೂ ನೆನಪಿಲ್ಲ. ನಾನು ಚೀಫ್ ಇಂಜಿನಿಯರ್ ಆಗಿ ನಿವೃತ್ತನಾದೆ. ಆದರೆ ಅವನಷ್ಟು ಚೆಂದದ ಡ್ರಾಯಿಂಗ್ ನನ್ನ ಟೇಬಲ್ಲಿಗೆ ಬಂದದ್ದು ಕಡಿಮೆ.

ಅವನು ಕೆಇಬಿ, ಅಂದರೆ ಆಗಿನ ವಿದ್ಯುತ್ ಮಂಡಳಿ ಸೇರಿದ. ಮಲೆನಾಡಿನ ಮಳೆಯಲ್ಲಿ ಮರ ಬಿದ್ದ ಲೈನುಗಳ ಹಿಂದೆ ಅಲೆದ, ಹೋದಲ್ಲೆಲ್ಲ ಲೈನ್‌ಮನ್‌ಗಳದೊಂದು ಟೀಮ್ ಕಟ್ಟಿದ. 1996ರ ಮಾರ್ಚ್ 9, ಬೆಂಗಳೂರಿನಲ್ಲಿ ಪಾಕಿಸ್ತಾನದ ಜತೆ ವಿಶ್ವಕಪ್ ಕ್ವಾರ್ಟರ್ ಫೈನಲ್. ಅವತ್ತು ಕರೆಂಟ್ ಹೋದರೆ ಜನ ಸುಮ್ನೆ ಬಿಡ್ತಾರಾ? ಇವನು ಸಂಜೆಯಿಂದ ಸಬ್‌ಸ್ಟೇಷನ್ನಿನಲ್ಲೇ ಕೂತ. ಆಮಿರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟು ತೋರಿಸಿದ್ದು, ಮರುಬಾಲಿಗೇ ವೆಂಕಟೇಶ್ ಪ್ರಸಾದ್ ಬೌಲ್ಡ್ ಮಾಡಿದ್ದು ಊರೆಲ್ಲ ನೋಡಿತು. ಇವನಿಗೆ ಗೊತ್ತಾಗಿದ್ದು ಅಕ್ಕಪಕ್ಕದ ಮನೆಗಳ ಕೂಗಿನಿಂದ. "ಫೀಡರ್ ಒಂದೂ ಟ್ರಿಪ್ ಆಗಲಿಲ್ಲ ಕಣೋ" ಅಂತ, ಅಂದರೆ ಒಂದು ಲೈನಿನಲ್ಲೂ ಕರೆಂಟ್ ಹೋಗಲಿಲ್ಲ ಅಂತ, ವರ್ಷಗಟ್ಟಲೆ ಹೇಳಿಕೊಂಡ.

ನಿವೃತ್ತಿಯಾದ ಮೇಲೆ ಬೀದಿ ಹುಡುಗರಿಗೆ ಲೆಗ್ ಸ್ಪಿನ್ ಹೇಳಿಕೊಡುತ್ತಿದ್ದ. ಟ್ಯೂಷನ್ ಇದೆ ಅಂತ ಅವರು ಅರ್ಧದಲ್ಲೇ ಓಡುತ್ತಿದ್ದರು, ಇವನು ಬೈಯುತ್ತಿದ್ದ. ಈಗಿನ ಮಕ್ಕಳಿಗೆ ಮಾರ್ಕ್ಸ್ ಜಾಸ್ತಿ, ಬೆವರು ಕಡಿಮೆ, ಅಲ್ವಾ?

ಕಳೆದ ಸಲ ಹಳಬರೆಲ್ಲ ಕಾಲೇಜಿನಲ್ಲಿ ಸೇರಿದಾಗ ನೋಡಿದೆವು. ಅವನು ಬೌಲ್ ಮಾಡುತ್ತಿದ್ದ ನೆಟ್ಸ್ ಜಾಗದಲ್ಲಿ ಈಗ ಸ್ಕೂಟರ್ ನಿಲ್ಲುತ್ತವೆ. ಪ್ರಾಂಶುಪಾಲರು ಇದನ್ನು ಓದುತ್ತಾರೆಂದು ನಂಬಿ ಹೇಳುತ್ತೇನೆ: ಸ್ಕೂಟರುಗಳನ್ನು ಗೋಡೆಯ ಕಡೆ ಸರಿಸಿದರೆ ಪಿಚ್ಚಿಗೆ ಬೇಕಾದ 22 ಗಜ ಆರಾಮಾಗಿ ಸಿಗುತ್ತದೆ, ಟೇಪ್ ಹಿಡಿದು ಅಳೆದಿದ್ದೇವೆ. ಪಿಚ್ಚಿಗೆ ಹಾಸುವ ಮ್ಯಾಟಿನ ಖರ್ಚು ನಮ್ಮ ಬ್ಯಾಚಿನದು.