“ಈ ಕಾಸಿಗೆ ಎಷ್ಟು ಬರ್ತದೆ?”

ನಾನು ನಾಣ್ಯ ಸಂಗ್ರಹಿಸುತ್ತೇನೆ ಎಂದು ಗೊತ್ತಿರುವವರು ಕೋಲಾರದಲ್ಲಿ ಎಲ್ಲಿ ಸಿಕ್ಕಿದರೂ ಕೇಳುವುದು ಒಂದೇ: “ಅಣ್ಣ, ತಾತನ ಪೆಟ್ಟಿಗೇಲಿ ಹಳೇ ಕಾಸು ಸಿಕ್ಕೈತೆ, ಎಷ್ಟು ಬರ್ತದೆ?”

ಅದು ಯಾವ ಕಾಸು, ಯಾರು ಹೊರಡಿಸಿದ್ದು ಎಂದು ತಿಳಿಯದೆ ಬೆಲೆ ಹೇಳಲಾಗದು. ಆ ಗುರುತು ಹಿಡಿಯುವ ಕೆಲಸ ಮುಕ್ಕಾಲು ಪಾಲು ನಿಮ್ಮ ಮನೆಯಲ್ಲೇ ಆಗುತ್ತದೆ.

ಹೆಚ್ಚಾಗಿ ತರುವುದು ರಾಮಪಟ್ಟಾಭಿಷೇಕದ ಚಿತ್ರವಿರುವ ಬಿಲ್ಲೆ. ಹಿಂದೆ ಇಂಗ್ಲಿಷಿನಲ್ಲಿ ‘ಈಸ್ಟ್ ಇಂಡಿಯಾ ಕಂಪನಿ, ಹಾಫ್ ಆಣೆ, 1818’ ಎಂದಿರುತ್ತದೆ. ಕಂಪನಿ ಇಂಥ ನಾಣ್ಯ ಹೊರಡಿಸಲೇ ಇಲ್ಲ. 1818ರಲ್ಲಿ ಬಂಗಾಳ, ಮದ್ರಾಸು, ಬೊಂಬಾಯಿಗಳ ನಾಣ್ಯಗಳು ಬೇರೆ ಬೇರೆ ಇದ್ದವು. ಎಲ್ಲಕ್ಕೂ ಒಂದೇ ಮಾದರಿ ಬಂದದ್ದು 1835ರಲ್ಲಿ. ಆಗಿನ ಅಸಲಿ ಅರ್ಧಾಣೆಯ ಮೇಲೆ ಕಂಪನಿಯ ಲಾಂಛನವಿದೆ, ದೇವರಿಲ್ಲ. ನಿಮ್ಮದು ಪೂಜೆಗೆಂದು ಮಾಡಿದ ಬಿಲ್ಲೆ, ದೇವರ ಮನೆಯಲ್ಲಿಡಿ. ಅದು ಅಕ್ಕಿ ಕಾಳು ಎಳೆಯುತ್ತದೆ, ಕೋಟಿ ಬಾಳುತ್ತದೆ ಎಂದು ‘ರೈಸ್ ಪುಲ್ಲಿಂಗ್’ ಕಥೆ ಹೇಳಿ ಮುಂಗಡ ಕೇಳುವವನು ವಂಚಕ. ಅವನನ್ನು ಹೊಸ್ತಿಲು ದಾಟಿಸಬೇಡಿ. ಹಳೇ ನಾಣ್ಯ ಕೊಳ್ಳುವ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕೆ ಕಮಿಷನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.

ನನಗೆ ಪ್ರಾಣ ಆನೆ ಕಾಸು. ಹೈದರಾಲಿ ಹುಟ್ಟಿದ ಬೂದಿಕೋಟೆ ನಮ್ಮ ಜಿಲ್ಲೆಯದೇ, ಹಾಗಾಗಿ ಆನೆ ಕಂಡರೆ ಎಲ್ಲರೂ “ಟಿಪ್ಪುದು” ಎಂದುಬಿಡುತ್ತಾರೆ. ತಿರುಗಿಸಿ ನೋಡಿ. ಹಿಂದೆ ಪಾರಸಿ ಬರಹವಿದ್ದರೆ ಟಿಪ್ಪುವಿನದಿರಬಹುದು. ಅದರಲ್ಲಿ ‘ಪಟನ್’ ಎಂದಿದ್ದರೆ ಶ್ರೀರಂಗಪಟ್ಟಣದ ಟಂಕಸಾಲೆ, ಅಂದರೆ ನಾಣ್ಯ ಅಚ್ಚು ಹಾಕುವ ಜಾಗ. ಟಿಪ್ಪು ತಾನೇ ತಂದ ಮೌಲೂದಿ ಎಂಬ ಹೊಸ ಶಕೆಗೆ ಬದಲಾದ ಮೇಲಿನ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇನ್ನು ಸವೆದ ಕಾಸನ್ನು ದೀಪಕ್ಕೆ ಓರೆಯಾಗಿ ಹಿಡಿಯಿರಿ. ಆನೆಯ ಬೆನ್ನ ಮೇಲೆ ಸೂರ್ಯ ಚಂದ್ರ, ಕನ್ನಡದ ಅಕ್ಷರ ಕಂಡರೆ ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಅವರದೇ ಇನ್ನೊಂದು ಬಗೆಯಲ್ಲಿ ಸಿಂಹ, ‘ಶ್ರೀ ಚಾಮುಂಡಿ’, ಕನ್ನಡದ ಜೊತೆಗೆ ಇಂಗ್ಲಿಷಿನಲ್ಲೂ ಬೆಲೆ ಇರುತ್ತದೆ. ಮೈಸೂರು ಸಂಸ್ಥಾನದ ಟಂಕಸಾಲೆ 1843ಕ್ಕೆ ನಿಂತಿತು.

ಹಳೆಯದಾದಷ್ಟೂ ಬೆಲೆ ಜಾಸ್ತಿ ಅನ್ನುವುದನ್ನು ಮನಸ್ಸಿನಿಂದ ತೆಗೆದುಹಾಕಿ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯನ್ನು ಅದೇ ಇಸವಿ ಹಾಕಿ 1874ರವರೆಗೂ ಟಂಕಿಸಿದರು, ಹಾಗಾಗಿ ಅದು ಬೇಕಾದಷ್ಟಿದೆ. ಅದಕ್ಕಿಂತ ಎಷ್ಟೋ ಈಚಿನದಾದ 1939ರ ಬೆಳ್ಳಿ ರೂಪಾಯಿ ಸಿಗುವುದೇ ಅಪರೂಪ; ಅಪರೂಪವಾದ್ದರಿಂದಲೇ ಅದಕ್ಕೆ ನಕಲಿಯೂ ಬಂದಿದೆ. ಎರಡರದ್ದೂ ಸರಿಯಾದ ತೂಕ 11.66 ಗ್ರಾಂ.

ಹೊರದೇಶದ್ದು ಸುಲಭ. ನೇಪಾಳದ ಇಸವಿಯಲ್ಲಿ 57, ಥಾಯ್ಲೆಂಡಿನದರಲ್ಲಿ 543 ಕಳೆದರೆ ನಮ್ಮ ಇಸವಿ ಬರುತ್ತದೆ, ಒಂದು ವರ್ಷ ಆಚೀಚೆ. ‘ಹೆಲ್ವೆಟಿಯಾ’ ಅಂದರೆ ಸ್ವಿಟ್ಜರ್ಲೆಂಡ್. ನಡುವೆ ತೂತು, ಬತ್ತದ ತೆನೆ ಇರುವ ಹಳದಿ ನಾಣ್ಯ ಜಪಾನಿನ ಐದು ಯೆನ್. ಕೆಜಿಎಫ್ ಕಡೆಯ ಮನೆಗಳಿಂದ ಬರುವ, ತ್ರಿಶೂಲ ಹಿಡಿದು ಕುಳಿತ ಹೆಂಗಸಿನ ದೊಡ್ಡ ಕಂದು ಬಿಲ್ಲೆ ಇಂಗ್ಲೆಂಡಿನ ಪೆನ್ನಿ.

ದೇಶದ ಹೆಸರಿಲ್ಲದೆ, ನೇತುಹಾಕಲು ಮೇಲೊಂದು ತೂತಿದ್ದು, ಕೈಯಲ್ಲಿ ಗುದ್ದಿದ ನಂಬರಿದ್ದರೆ ಅದು ಬಹುಶಃ ಕಾರ್ಖಾನೆಯದೋ ಕ್ಯಾಂಟೀನಿನದೋ ಹಿತ್ತಾಳೆ ಟೋಕನ್. ದುಡ್ಡು ಹುಟ್ಟುವುದು ಕಡಿಮೆ, ಆದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಅದು ಯಾರ ಕೈಯಲ್ಲಿತ್ತು, ಎಲ್ಲಿ ಕೆಲಸ ಮಾಡುತ್ತಿದ್ದರು ಎಂದು ಹಿರಿಯರನ್ನು ಕೇಳಿ ಚೀಟಿಯಲ್ಲಿ ಬರೆದು ಜೊತೆಗಿಡಿ. ಅಂಥ ಟೋಕನ್ ಬಗ್ಗೆ ಪುಸ್ತಕಗಳಲ್ಲಿ ಸಿಗುವುದು ತೀರಾ ಕಡಿಮೆ.

ನನಗೆ ತೋರಿಸುವ ಮುಂಚೆ ಹುಣಸೆಹಣ್ಣು ಹಾಕಿ ಮಾತ್ರ ತಿಕ್ಕಬೇಡಿ. ತಾಮ್ರದ ಮೇಲಿನ ಕಂದು ಹೊಳಪು ಹೋದರೆ ಮತ್ತೆ ಬಾರದು, ಸಂಗ್ರಾಹಕರು ಅಂಥದ್ದನ್ನು ಮುಟ್ಟುವುದಿಲ್ಲ. ಎರಡೂ ಕಡೆಯ ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ, ಅಯಸ್ಕಾಂತಕ್ಕೆ ಅಂಟುತ್ತದೆಯೋ ನೋಡಿ. ಇಷ್ಟು ಮಾಡಿ ಕಳಿಸಿದರೆ ಗುರುತು ಹಿಡಿಯಲು ನಾನು ಕೂರುತ್ತೇನೆ.